ಅರ್ಧಕ್ಕೆ ಇಳಿಸಿದ ನೀರು

ಮನೆಯಿಂದ,
ಹದಿನೇಳನೆಯ ತಾರೀಖು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಆಸ್ಪತ್ರೆಯ ಬೆಂಚಿನ ಮೇಲೆ ಒಂಬತ್ತು ದಿನ ಕಳೆದವಳನ್ನು ಹೀಗೆ ಕೇಳುವುದು ಅವಿವೇಕವೆಂದು ಬಲ್ಲೆ. ಆದರೂ ಕ್ಷೇಮ ವಿಚಾರಿಸದೆ ಕಾಗದ ಮುಂದುವರಿಸಲು ನನಗೆ ಬಾರದು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಬೆನ್ನುನೋವು ಇಳಿಯಿತೇ? ಕೂಸಿನ ತುಟಿಯ ನೀಲಿ ಕೂದಲೆಳೆಯಷ್ಟಾದರೂ ತಿಳಿಯಾಯಿತೇ? ನಿನ್ನಮ್ಮ ತೊಟ್ಟಿಲಿನ ಬಟ್ಟೆಗಳನ್ನು ಒಗೆದದ್ದನ್ನೇ ಒಗೆಯುತ್ತಿದ್ದಾಳೆ. ನಾನು ಹಗ್ಗಕ್ಕೆ ಹರವುತ್ತಿದ್ದೇನೆ.

ಅಳಿಯಂದಿರು ಕಳೆದ ವಾರ ಪರೀಕ್ಷೆಗೆ ಕೊಟ್ಟಿದ್ದ ಬಾವಿನೀರಿನ ವರದಿ ಈಗ ಕೈಸೇರಿದೆ. ಕೂಡಲೇ ನರ್ಸಿಗೆ ಫೋನು ಮಾಡಿ, ನಾನು ಕಳಿಸಿದ ಫ್ಲಾಸ್ಕಿನ ನೀರನ್ನು ಚೆಲ್ಲಿಬಿಡಿ ಎಂದೆ. ಏಕೆಂದು ಆಕೆ ಕೇಳಿದಾಗ ಫೋನು ಇಟ್ಟುಬಿಟ್ಟೆ. ಆ ಕಾರಣವನ್ನು ನಿನಗೆ ಬರೆಯುತ್ತಿದ್ದೇನೆ. ನಮ್ಮ ಬಾವಿಯಲ್ಲಿ ನೈಟ್ರೇಟ್ ಎಂಬ ಲವಣ ಮಿತಿಯ ನಾಲ್ಕು ಪಟ್ಟು ಇದೆ. ಪಾಯಖಾನೆಯ ಗುಂಡಿಯಿಂದ ಮಣ್ಣಿನೊಳಗೇ ಇಳಿದು ಬಂದದ್ದಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದೊಡ್ಡವರಿಗೆ ಅಷ್ಟಾಗಿ ತಾಗದು. ಆದರೆ ಈ ನೀರಿನಲ್ಲಿ ಪುಡಿ ಕಲಸಿದ ಬಾಟಲಿಹಾಲು ಕುಡಿಯುವ ಎರಡು ತಿಂಗಳ ಕೂಸಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ. ಇದು ಹೃದಯದ ದೋಷವಲ್ಲ ಮಗಳೇ, ನಿನ್ನ ಆರೈಕೆಯ ಲೋಪವೂ ಅಲ್ಲ.

ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ‘ನೀರನ್ನು ಇಪ್ಪತ್ತು ನಿಮಿಷ ಕುದಿಸಿ ಕುಡಿಯಬೇಕು’ ಎಂದು ಉಕ್ತಲೇಖನ ಬರೆಸಿದವನು ನಾನು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನಿಜ. ಲವಣ ಸಾಯುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಾಢವಾಗುತ್ತದೆ. ಮೊದಲ ಸಲ ಆಸ್ಪತ್ರೆಯಲ್ಲಿ, ಅಲ್ಲಿನ ನೀರಿನಲ್ಲೇ, ನಾಲ್ಕೇ ದಿನಕ್ಕೆ ಕೂಸು ಕೆಂಪಗಾಗಿ ಮನೆಗೆ ಬಂತಲ್ಲ, ಅಂದಿನಿಂದ ನಾನು ಇನ್ನಷ್ಟು ಎಚ್ಚರ ವಹಿಸಿ, ಗಡಿಯಾರ ಮುಂದಿಟ್ಟುಕೊಂಡು, ತಪ್ಪಲೆಯ ನೀರನ್ನು ಅರ್ಧಕ್ಕೆ ಇಳಿಸತೊಡಗಿದೆ. ನೀನು “ಅಪ್ಪಾ, ಅಂಗಡಿಯಿಂದ ಒಂದು ಕ್ಯಾನ್ ತರಿಸೋಣ್ವಾ?” ಎಂದಾಗ, “ಯಾರೋ ತುಂಬಿದ ನೀರು ನಂಬ್ತೀಯ, ಅಪ್ಪ ಕಾಯಿಸಿದ್ದು ನಂಬಲ್ವಾ?” ಎಂದು ಬಾಯಿ ಮುಚ್ಚಿಸಿದೆ. ಎರಡನೆಯ ಸಲ ಆಸ್ಪತ್ರೆಗೆ ಸೇರಿದಾಗ ಅಲ್ಲಿನ ನಲ್ಲಿಯನ್ನೂ ನಂಬದೆ, ದಿನವೂ ಪಕ್ಕದ ಮನೆಯ ಡ್ರೈವರ್ ಕೈಯಲ್ಲಿ ಫ್ಲಾಸ್ಕ್ ಕಳಿಸಿದೆ. ಈ ಸಲ ಕೂಸು ಏಕೆ ಚೇತರಿಸಿಕೊಳ್ಳುತ್ತಿಲ್ಲವೆಂದು ವೈದ್ಯರು ತಲೆ ಕೆಡಿಸಿಕೊಂಡಿದ್ದಾರಲ್ಲ, ಅದಕ್ಕೆ ನಾನೇ ಕಾರಣ.

ವರದಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ತಡಮಾಡದೆ ವೈದ್ಯರ ಕೈಗೆ ಕೊಡು. ನನಗಿದು ತಿಳಿದಿರಲಿಲ್ಲ. ತಿಳಿಯದೆ ಮಾಡಿದ್ದಕ್ಕೆ ಎಷ್ಟು ಕ್ಷಮೆ ಸಲ್ಲುತ್ತದೆಂಬುದನ್ನು ನೀನೇ ನಿರ್ಧರಿಸು.

ಕೂಸಿನ ಆಯುಸ್ಸು ಗಟ್ಟಿಯಾಗಿರಲಿ. ಹರಸಲು ನನ್ನ ಕೈ ಏಳುತ್ತಿಲ್ಲ; ಅಮ್ಮನ ಆಶೀರ್ವಾದವನ್ನಷ್ಟೇ ಕಳಿಸುತ್ತಿದ್ದೇನೆ.

ಇಂತು,
ನಿನ್ನ ಅಪ್ಪ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ತಿಳಿದಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕೂಸು ಮೊದಲ ಸಲ ಮನೆಗೆ ಮರಳಿದ ಮರುದಿನವೇ ಆರೋಗ್ಯ ಕಾರ್ಯಕರ್ತೆ ಬಾವಿ ನೋಡಲು ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ವಿಜ್ಞಾನದಲ್ಲಿ ಎರಡು ಸಲ ನಪಾಸಾದವಳು. ನೀರಿಗೆ ಅದ್ದಿದ ಅವಳ ಕಾಗದದ ಪಟ್ಟಿ ಕಡುಗುಲಾಬಿಯಾಯಿತು. “ಸಾರ್, ದಮ್ಮಯ್ಯ, ಮಗೂಗೆ ಈ ನೀರು ಬೇಡ. ಕುದಿಸಿದ್ರೆ ಇನ್ನೂ ಜಾಸ್ತಿ ಆಗುತ್ತೆ” ಎಂದಳು. “ನೀನು ನನಗೆ ಪಾಠ ಹೇಳ್ತೀಯೇನೇ?” ಎಂದು ಗೇಟಿನಾಚೆ ಅಟ್ಟಿದೆ. ಕುಡಿಯಬಾರದೆಂದು ಬಾವಿಕಟ್ಟೆಗೆ ಅವಳು ಬಳಿದಿದ್ದ ಕೆಂಪು ಗುರುತನ್ನು ಒಣಗುವ ಮೊದಲೇ ಉಜ್ಜಿ ತೊಳೆದೆ. ಒಳಗಿನಿಂದ ನೀನು, “ಯಾರಪ್ಪಾ ಬಂದಿದ್ದು?” ಎಂದು ಕೇಳಿದೆ. “ಯಾರೋ ವಿಳಾಸ ಕೇಳೋಕೆ ಬಂದಿದ್ರಮ್ಮ” ಎಂದೆ.