ಪುಡಿಯಾಗಿ ಬಂದ ಮಾತ್ರೆ

ಕಾವ್‌ಶುಂಗ್
ಗಣರಾಜ್ಯ ವರ್ಷ 113, ನವೆಂಬರ್ 18

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಬೇಯಿಸಿ ಹಾಕಿ ನೀನು ಮಾತ್ರ ನಿಂತೇ ತಿನ್ನುತ್ತೀಯಂತೆ. ಹೋದ ಕಾಗದದಲ್ಲಿ ನೀನೇ ಬರೆದು ಸಿಕ್ಕಿಬಿದ್ದಿದ್ದೀಯ. ಕೂತು ತಿನ್ನು. ಈ ಕಾಗದ ಡರ್ಬನ್ ಬಂದರು ಸೇರುವ ಹೊತ್ತಿಗೆ ಅಲ್ಲಿ ಸೆಕೆ ಇರುತ್ತದೆ, ಆದರೂ ಬಿಸಿನೀರನ್ನೇ ಕುಡಿ. ಅಮ್ಮ ಚೆನ್ನಾಗಿದ್ದಾಳೆ. ಅಜ್ಜಿಯೂ ಚೆನ್ನಾಗಿದ್ದಾಳೆ. ಅಜ್ಜಿಯ ಬಗ್ಗೆ ಹೀಗೆ ಬರೆಯುವ ಧೈರ್ಯ ಇವತ್ತು ಮಧ್ಯಾಹ್ನ ಮೂರು ಗಂಟೆಯವರೆಗೆ ನನಗಿರಲಿಲ್ಲ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ: ರಕ್ತಪರೀಕ್ಷೆ ಆಯಿತು, ತಲೆಯ ಸ್ಕ್ಯಾನೂ ಆಯಿತು, ನಿನ್ನ ತಾಯಿಗೆ ಏನೂ ಆಗಿಲ್ಲ.

ನನ್ನ ಕೆಲಸ ಏನೆಂದು ನೀನು ಪ್ರತಿ ಸಲ ಕೇಳುತ್ತೀಯ, ಅರ್ಧ ಹೇಳುವಷ್ಟರಲ್ಲಿ ಆಕಳಿಸುತ್ತೀಯ. ಈ ಸಲ ಪೂರ್ತಿ ಓದು. ಬೀದಿಬೀದಿಯ ಕ್ಲಿನಿಕ್ಕುಗಳಿಂದ ಔಷಧಿ ಅಂಗಡಿಯ ಯಂತ್ರಕ್ಕೆ ರೋಗಿಯ ವಿವರ ಚೀಟಿಯಂತೆ ಹೋಗುತ್ತದೆ. ಆ ಚೀಟಿ ಬರೆಯುವ ರೀತಿಗೆ ಜೇಸನ್ ಎಂದು ಹೆಸರು. ಚೀಟಿಯಲ್ಲಿ ಏನೇನಿರಬೇಕು, ಹೇಗಿರಬೇಕು ಎಂಬ ನಿಯಮಗಳ ಪಟ್ಟಿಯೇ ಸ್ಕೀಮಾ. ನೀನು ಬಂದರಿನಲ್ಲಿ ಎಲೆಕೋಸಿನ ಪೆಟ್ಟಿಗೆಯ ತಳದವರೆಗೂ ಕೈಹಾಕಿ ನೋಡಿ ಹಡಗಿಗೆ ಹತ್ತಿಸುತ್ತೀಯಲ್ಲ, ಹಾಗೆ ನಾವು ಗೇಟು ಎಂದು ಕರೆಯುವ ಪ್ರೋಗ್ರಾಮು ಪ್ರತಿ ಚೀಟಿಯನ್ನೂ ಸ್ಕೀಮಾಕ್ಕೆ ಹಿಡಿದು ನೋಡಿ ಒಳಗೆ ಬಿಡುತ್ತದೆ. ಮೊದಲು ಪ್ರಯೋಗಕ್ಕೆಂದು ಅಜ್ಜಿ ಹೋಗುವ ವೆನ್ ವೈದ್ಯರ ಕ್ಲಿನಿಕ್ಕೊಂದನ್ನೇ ಸೇರಿಸಿಕೊಂಡೆವು. ಹುಟ್ಟಿದ ವರ್ಷದ ಜಾಗದಲ್ಲಿ ಯಾವುದಾದರೂ ಅಂಕಿ ಇದ್ದರೆ ಸಾಕು ಎಂದು ಸ್ಕೀಮಾದಲ್ಲಿತ್ತು. ವೆನ್ ವೈದ್ಯರು ಜನ್ಮದಲ್ಲಿ 1912ನ್ನು ಒಂದನೇ ವರ್ಷವೆನ್ನುವ ನಮ್ಮ ಗಣರಾಜ್ಯದ ಎಣಿಕೆ ಬಿಟ್ಟು ಬೇರೆ ಬರೆದವರಲ್ಲ. ಲೋಕಕ್ಕೆಲ್ಲ 1935 ಆದ ಅಜ್ಜಿಯ ವರ್ಷ ನಮಗೆ 24 ತಾನೇ? ಅವರು 24 ಎಂದೇ ಬರೆದರು. ಅಂಕಿಯಲ್ಲವೇ, ಗೇಟು ಬಿಟ್ಟಿತು. ಅಂಗಡಿಯ ಯಂತ್ರ ಅದರ ಎಡಕ್ಕೆ ಇಪ್ಪತ್ತು ಅಂಟಿಸಿಕೊಂಡು 2024 ಎಂದು ಓದಿತು. ಎಂಬತ್ತೊಂಬತ್ತರ ಅಜ್ಜಿ ಈ ವರ್ಷ ಹುಟ್ಟಿದ ಕೂಸಾದಳು.

ಕೂಸುಗಳಿಗೆ ಮಾತ್ರೆಯನ್ನು ಪುಡಿ ಮಾಡಿ ಕಾಗದದಲ್ಲಿ ಮಡಿಸಿ ಕೊಡುತ್ತಾರಲ್ಲ, ಅಜ್ಜಿಗೂ ಹಾಗೇ ಬಂತು. ವಸಂತದಲ್ಲಿ ಲಕ್ವ ಹೊಡೆದ ಮೇಲೆ ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದೇ ಮಾತ್ರೆ, ಚಿಟಿಕೆಯಷ್ಟು. "ಏನೇ ಇದು, ಊದಿನಕಡ್ಡಿ ಬೂದಿ ಕಳಿಸಿದ್ದಾರಾ? ಹಲ್ಲು ಬರದ ಕೂಸಾ ನಾನು?" ಎಂದು ಅಜ್ಜಿ ರೇಗಿದಳು. "ನುಂಗೋಕೆ ಸುಲಭ ಆಗ್ಲಿ ಅಂತ ಪುಡಿ ಮಾಡಿರ್ತಾರೆ, ಅತ್ತೆ" ಎಂದಳು ಅಮ್ಮ. ನಾನಂತೂ ಫೋನಿನಿಂದ ತಲೆಯನ್ನೇ ಎತ್ತದೆ, "ಕಂಪ್ಯೂಟರ್ ಲೆಕ್ಕ ತಪ್ಪಲ್ಲ ಅಜ್ಜಿ, ಸುಮ್ನೆ ಕುಡಿ" ಎಂದುಬಿಟ್ಟೆ. ಎಂಟು ದಿನ ಕುಡಿದಳು, ಎಂಟು ದಿನವೂ ಬೈದಳು. ಹೋದ ಬುಧವಾರ ಊಟದ ಮೇಜಿನಲ್ಲಿ ಅವಳು ಮೀನಿನ ಮುಳ್ಳು ಹಾಕಿದ್ದ ಔಷಧಿ ಕಾಗದವನ್ನು ಎತ್ತಿ ಬಿಸಾಡಲು ಹೋದೆ. ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿತ್ತು: ವಯಸ್ಸು 0. ಅಪ್ಪಾ, ಅರ್ಧ ಗಂಟೆಯೊಳಗೆ ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಯಲ್ಲಿದ್ದೆ. ಸರಿಯಾದ ಮಾತ್ರೆ ಅಂದೇ ಸಿಕ್ಕಿತು, ಪರೀಕ್ಷೆಗಳ ಫಲಿತಾಂಶಕ್ಕೆ ಮಾತ್ರ ಸೋಮವಾರದವರೆಗೆ ಕಾಯಿರಿ ಎಂದರು. ಹುಟ್ಟಿದ ವರ್ಷ ಮೂವತ್ತು, ನಲವತ್ತು ಎಂದು ಬಂದ ಬೇರೆ ರೋಗಿಗಳನ್ನು ಅಂಗಡಿಯ ಯಂತ್ರವೇ 2030, 2040 ಎಂದು ಓದಿ 'ಇನ್ನೂ ಹುಟ್ಟಿಲ್ಲ' ಎಂದು ತಡೆದಿತ್ತಂತೆ, ಅಂಗಡಿಯವರು ನಮಗೊಂದು ಮಾತೂ ಹೇಳದೆ ಕೈಯಲ್ಲೇ ತಿದ್ದಿಕೊಂಡಿದ್ದರು. ಕೂಸಾದದ್ದು ಅಜ್ಜಿಯೊಬ್ಬಳೇ.

ಮರುದಿನ ಸ್ಕೀಮಾ ತಿದ್ದಿದೆ. ವರ್ಷಕ್ಕೆ ನಾಲ್ಕು ಅಂಕಿ ಇರಲೇಬೇಕು, 1900ಕ್ಕಿಂತ ಹಿಂದಿನದಾಗಬಾರದು, ಈ ವರ್ಷವನ್ನು ದಾಟಬಾರದು, ಇಲ್ಲದಿದ್ದರೆ ಚೀಟಿ ವಾಪಸ್. ಶುಕ್ರವಾರ ನಲವತ್ತು ಕ್ಲಿನಿಕ್ಕುಗಳನ್ನು ಗೇಟಿಗೆ ಸೇರಿಸುವ ಉದ್ಘಾಟನೆ. ಬಂದ ನಾನೂರು ಚೀಟಿಗಳಲ್ಲಿ ಮುನ್ನೂರ ಹನ್ನೆರಡನ್ನು ಗೇಟು ಹಿಂದಕ್ಕಟ್ಟಿತು. ನಮ್ಮ ಮ್ಯಾನೇಜರ್ ಜ್ಯೆನ್ ಮೊದಲು ಮಾಡಿದ್ದೇನು ಗೊತ್ತೇ? ಆಫೀಸಿನ ಯಂತ್ರ ಹಟ ಮಾಡದಿರಲೆಂದು ಶಕುನಕ್ಕೆ ಅದರ ತಲೆಯ ಮೇಲೆ ಇಟ್ಟಿರುತ್ತೇವಲ್ಲ, ಜೋಳದ ಕುರುಕಲಿನ ಹಸಿರು ಪೊಟ್ಟಣ, ಓಡಿಹೋಗಿ ಅದರ ತಾರೀಖು ಮುಗಿದು ಶಕ್ತಿ ಹೋಗಿದೆಯೇ ಎಂದು ನೋಡಿದರು. "ಇನ್ನೂ ಮೂರು ತಿಂಗಳಿದೆಯಲ್ರೀ!" ಆಮೇಲೆ ನನ್ನ ಕಡೆ ತಿರುಗಿದರು. "ಹನ್ನೊಂದು ಗಂಟೆಗೆ ಅತಿಥಿಗಳು ಬರ್ತಾರೆ, ನನ್ನ ಮಾನ ಕಳೀಬೇಡಮ್ಮ. ಆ ನಿಯಮ ಒಂಚೂರು ಸಡಿಲ ಮಾಡು, ಸೋಮವಾರ ಬಿಗಿ ಮಾಡುವೆಯಂತೆ." ಮೀನಿನ ವಾಸನೆ ಹೊಡೆಯುತ್ತಿದ್ದ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. "ಇದು ನಮ್ಮಜ್ಜಿ, ಸಾರ್" ಎಂದೆ. ಎರಡು ಸಲ ಓದಿದರು. ಮನುಷ್ಯ ಕೆಟ್ಟವರಲ್ಲ ಅಪ್ಪಾ. ಅತಿಥಿಗಳನ್ನು ಚಹಾ ಕೊಟ್ಟು ಕೂರಿಸಿ, ತಾವೇ ಫೋನ್ ಹಿಡಿದು ಒಬ್ಬೊಬ್ಬ ವೈದ್ಯರಿಗೂ "ಹತ್ತೊಂಬೈನೂರ ಹನ್ನೊಂದು ಕೂಡಿಸಿ ಬರೀರಿ" ಎಂದು ಸಂಜೆಯವರೆಗೆ ಹೇಳಿದರು. ಇವತ್ತಿಗೆ ನಾನೂರೂ ಸರಿಯಾಗಿ ದಾಟಿವೆ. ಮೂರು ಗಂಟೆಗೆ ಆಸ್ಪತ್ರೆಯಲ್ಲಿ "ಎಲ್ಲೂ ಹೆಪ್ಪುಗಟ್ಟಿಲ್ಲ" ಎಂದಾಗ ಅಮ್ಮನೂ ನಾನೂ ಅಲ್ಲೇ ಅತ್ತುಬಿಟ್ಟೆವು. ಈಗ ಮನಸ್ಸು ಹಗುರವಾಗಿದೆ, ಐದು ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಗಂಜಿ ಕುಡಿದೆ.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಉಪ್ಪು ಕಡಿಮೆ ಹಾಕು ಎಂದೂ ಹೇಳಿದ್ದಾಳೆ. ಅಮ್ಮ ಬೇರೆ ಬರೆಯುತ್ತಾಳೆ. ಸಮುದ್ರದೇವಿ ಮಾಜು ನಿನ್ನನ್ನು ಕಾಯಲಿ.

ನಿನ್ನ ಮಗಳು,
ಯೀ-ರೊಂಗ್

ತಾ.ಕ.: ಕಾಗದ ಒಯ್ಯಲು ಹಡಗು ಕಂಪನಿಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಯಾವುದಾದರೂ ಅಂಕಿ ಇದ್ದರೆ ಸಾಕು ಎಂದು ಸ್ಕೀಮಾದಲ್ಲಿತ್ತು ಎಂದೆನಲ್ಲ, ಅದು ತಾನಾಗಿ ಬಂದು ಕೂತಿರಲಿಲ್ಲ. ಆ ಸಾಲು ಬರೆದವಳು ನಾನೇ, ಮನೆಗೆ ಹೊರಡುವ ಆತುರದಲ್ಲಿ. "ಅಜ್ಜಿ ಮಾತ್ರೆ ನಿನ್ನ ಜವಾಬ್ದಾರಿ" ಎಂದು ಹೇಳಿ ನೀನು ಹಡಗು ಹತ್ತಿದ್ದೆ. ಅಜ್ಜಿಗೆ ಬುಧವಾರವೇ ಸ್ಕೂಟರಿನ ಮೇಲೆ ಹೇಳಿದೆ. "ಮುಂದೆ ನೋಡ್ಕೊಂಡು ಓಡಿಸು" ಎಂದಳು, ನನ್ನ ಸೊಂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವಳಿಗೆ ಹೇಳಲು ಒಂದು ಸಿಗ್ನಲ್ ದಾಟುವಷ್ಟು ಹೊತ್ತು ಸಾಕಾಯಿತು. ನಿನಗೆ ಹೇಳಲು ಮೂರು ಪುಟ ಬೇಕಾಯಿತು, ಅಪ್ಪಾ.