ಎರಡು ಸಲ ಜಗ್ಗಿ ನೋಡಿದ ಬೀಗ

ನವೆಂಬರ್ ೧೪, ಗುರುವಾರ

ಈಜುಕೊಳದ ಗೇಟಿಗೆ ಬೀಗ ಹಾಕಲಿಲ್ಲವೆಂದು ನನ್ನನ್ನು ಕೆಲಸದಿಂದ ತೆಗೆದರು. ನ್ಯಾಯಮಂಡಳಿಯೂ ಹಾಗೇ ಹೇಳಿತು. ಮೇಲಿನ ಕೋರ್ಟಿಗೆಂದು ಹನ್ನೊಂದು ಪುಟ ಬರೆದುಕೊಂಡು ಹೋಗಿದ್ದೆ. ವಕೀಲಮ್ಮ ಎಲ್ಲವನ್ನೂ ಪೆನ್ಸಿಲಿನಲ್ಲಿ ಗೀಟೆಳೆದು ಹೊಡೆದುಹಾಕಿದರು. ಉಳಿದದ್ದು ಒಂದೇ ಸಾಲು: ನನ್ನ ಸಾಕ್ಷಿಯನ್ನು ಕೇಳದೆ ತೀರ್ಪು ಕೊಟ್ಟಿದ್ದಾರೆ. ಬೀಗದ ಸುದ್ದಿಯೇ ಇಲ್ಲ!

“ಅದನ್ನ ಅಲ್ಲಿ ಕೇಳಲ್ಲ ಕಣಮ್ಮ. ಕಾನೂನು ತಪ್ಪಿದೆಯಾ ಅಂತ ಮಾತ್ರ ನೋಡ್ತಾರೆ. ಗೆಲ್ತೀವಿ ಬಿಡಿ,” ಅಂದರು.

ಗೆಲ್ಲಬಹುದು. ಆದರೆ ಕಣ್ಣು ಮುಚ್ಚಿದರೆ ಆ ನೀಲಿ ನೀರಿನ ಬೆಳಕು ಚಾವಣಿಯ ತುಂಬ ತೂಗಾಡುತ್ತದೆ, ಅಂಗೈಯಲ್ಲಿ ಬೀಗ ತಣ್ಣಗಿರುತ್ತದೆ. ಅಲ್ಲಿ ಕೇಳದಿದ್ದರೆ ಇಲ್ಲಾದರೂ ಬರೆದಿಡುತ್ತೇನೆ. ಹಾಕಿದ್ದೆ. ಎರಡು ಸಲ ಜಗ್ಗಿಯೂ ನೋಡಿದ್ದೆ. ಈಗಲೂ ಹೊದಿಕೆಯೊಳಗೆ ಎಡಗೈ ತಾನಾಗಿಯೇ ಜಗ್ಗುತ್ತಿದೆ, ಇನ್ನೊಂದು ಸಲ, ಇನ್ನೊಂದು