ಅವ್ವ ಓದಿದ ಪ್ರೂಫ್

ಪ್ರೀತಿಯ ಅಪ್ಪಾ,

ನೀವು ಹೋದ ಮೂರನೇ ದಿನ ಮಲ್ಕಾಜ್‌ಗಿರಿಯ ನಮ್ಮ ಬೀದಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತು. ನಡುವೆ ಕೈಮುಗಿದ ಸ್ಥಳೀಯ ನಾಯಕರು, ಆಳೆತ್ತರ. ಸುತ್ತ ಅವರ ಹಿಂಬಾಲಕರ ಹನ್ನೊಂದು ಮುಖ. ನೀವು ಮೇಲಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಕೆಳಗೆ ತೆಲುಗಿನಲ್ಲಿ ನನ್ನ ಹೆಸರಿತ್ತು, ಅವ್ವನದು ಇರಲಿಲ್ಲ. ಆಟೋದಿಂದ ಇಳಿಯುತ್ತ ಅವ್ವ, "ಇವರೆಲ್ಲಾ ನಿಮ್ಮಪ್ಪಗ ಏನಾಗಬೇಕವಾ? ನಾನೊಬ್ಬಾಕೀನ ಹೊರಗಿನಾಕಿ ಕಾಣಸ್ತೀನಿ" ಅಂದಳು.

ನನಗೆ ಮೊದಲು ಹೇಸಿಗೆ ಹುಟ್ಟಿದ್ದು ಅದನ್ನು ಹಾಕಿಸಿದವರ ಮೇಲೆ. ಆಮೇಲೆ ನೆನಪಾಯಿತು, ಆ ಡಿಸೈನನ್ನು ನನ್ನ ಫೋನಿಗೆ ಕಳಿಸಿ ಒಪ್ಪಿಗೆ ಕೇಳಿದ್ದರು. ಓದದೆ, ಸರಿ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದವಳು ನಾನೇ. ಪ್ರಿಂಟಿಂಗ್ ಪ್ರೆಸ್ಸಿನವರ ಮಗಳು.

ಕರೆಯೋಲೆಯ ಒಂದೊಂದೇ ಅಕ್ಷರ ಜೋಡಿಸಿ, ಶಾಯಿ ಆರದ ಪ್ರೂಫ್ ಹಿಡಿದು ನೀವು ಹೈದರಾಬಾದಿನ ಕನ್ನಡ ಮನೆಗಳಿಗೆ ಹೋಗುತ್ತಿದ್ದಿರಿ. ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಕೇಳಿಸದೆ ಅಚ್ಚು ಹಾಕುತ್ತಿರಲಿಲ್ಲ. ಇಂಗ್ಲಿಷ್ ಶಾಲೆಯ ಯೂನಿಫಾರ್ಮಿನಲ್ಲಿ ನಾನು ನಾಚಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ. ಒಮ್ಮೆ ರೈಲ್ವೆ ಕ್ವಾರ್ಟರ್ಸಿನಲ್ಲಿ ನೀವು ಲಗ್ನಪತ್ರಿಕೆ ಓದಿ ಮುಗಿಸಿದಾಗ, ಓದು ಬಾರದ ಅಜ್ಜಿ ಕೇಳಿದರು, "ನಮ್ಮ ಸಣ್ಣ ಮಗಳ ಹೆಸರು ಬರಲಿಲ್ಲಲ್ರಿ?" ಗಂಡ ಸತ್ತವಳ ಹೆಸರು ಶುಭವಲ್ಲವೆಂದು ಮನೆಯವರು ಬಿಟ್ಟಿದ್ದರು. "ಅಜ್ಜಿ ಹೂಂ ಅನ್ನೂತನಕ ನನ್ನ ಮಷೀನ್ ಓಡೂದಿಲ್ಲ" ಎಂದು ಎದ್ದುಬಂದಿರಿ. ಎರಡನೇ ಪ್ರೂಫಿನಲ್ಲಿ ಆ ಹೆಸರಿತ್ತು.

ಈಗ ಗಂಟೆಯೊಳಗೆ ಗೋಡೆಯಗಲದ ಚಿತ್ರ ಅಚ್ಚಾಗುತ್ತದೆ, ಯಾರದು ಬೇಕಾದರೂ. ಅದು ಒಳ್ಳೆಯದೇ ಅಲ್ಲವೇ? ನಿಮ್ಮ ಕಾಲದಲ್ಲಿ ಬಡವರ ಫೋಟೋ ಎಲ್ಲಿ ಅಚ್ಚಾಗುತ್ತಿತ್ತು? ಆದರೂ ಯಾರೂ ಒಮ್ಮೆ ಓದಿಯೂ ನೋಡದ ಈ ಅಚ್ಚು... ಕಂಬ ಕಂಬಕ್ಕೂ ಜೋತುಬಿದ್ದ ನಗುಮುಖಗಳನ್ನು ದಾಟಿ ಮಾದಾಪುರದ ಆಫೀಸಿಗೆ ಹೋಗುವಾಗ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದಿಕೊಳ್ಳುತ್ತೇನೆ.

ಆ ಫ್ಲೆಕ್ಸನ್ನು ಅಂದೇ ಬಿಚ್ಚಿಸಿದೆ. ಮೊನ್ನೆ ನಿಮ್ಮ ವರ್ಷಾಂತಿಕದ ಪತ್ರಿಕೆಗೆ ಕಾಗದದ ಪ್ರೂಫ್ ಕೇಳಿದಾಗ ಅಂಗಡಿಯವನು ನಕ್ಕು, ಫೋನಿನಲ್ಲೇ ನೋಡಿಕೊಳ್ಳಿ ಮೇಡಂ ಎಂದ. ಕೊಡುವವರೆಗೂ ನಿಂತೇ ಇದ್ದೆ. ಮನೆಯಲ್ಲಿ ಅವ್ವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಕರೆಯುವವರ ಸಾಲಿನಲ್ಲಿ ಮೊದಲು ಅವಳ ಹೆಸರು.

"ಗಂಡ ಹೋದಾಕಿ ಹೆಸರು ಮ್ಯಾಲೆ ಹಾಕೀಯಲ್ಲ. ಮಂದಿ ಏನಂದಾರು?"

ಅವಳು ಮತ್ತೊಮ್ಮೆ ಓದಿದಳು, ತನ್ನ ಹೆಸರಿನ ತನಕ ಮಾತ್ರ. ಕನ್ನಡಕ ತೆಗೆದಿಟ್ಟಳು.

"ಹೂಂ," ಅಂದಳು. "ಮಷೀನ್ ಓಡಸಂತ ಹೇಳು."